ಕಿಡಿಗೆ ಹೊತ್ತು ಗೊತ್ತುಮಾಡುವುದು

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಒತ್ತಿದ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ಬೆಂಕಿ ಹಚ್ಚುತ್ತದೆ. ಆ ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂದು ಗೊತ್ತುಮಾಡುವ ಕೆಲಸಕ್ಕೆ ಗ್ಯಾರೇಜಿನಲ್ಲಿ ಟೈಮಿಂಗ್ ಕೂರಿಸುವುದು ಎನ್ನುತ್ತಾರೆ. ಪಿಸ್ಟನ್ ತುತ್ತತುದಿ ಮುಟ್ಟಿದಾಗ ಕಿಡಿ ಹಾರಿದರೆ ಸರಿ ಎಂದು ಮೇಲುನೋಟಕ್ಕೆ ತೋರುತ್ತದೆ. ಹಾಗೆ ಮಾಡಿದರೆ ಎಂಜಿನ್ ಓಡುತ್ತದೆ, ಆದರೆ ಹೊರೆ ಎಳೆಯುವುದಿಲ್ಲ.

ಕಾರಣ, ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ. ಕಟಾವಾದ ಕಬ್ಬಿನ ಗದ್ದೆಯ ರವದಿಗೆ ಒಂದು ಮೂಲೆಯಲ್ಲಿ ಬೆಂಕಿ ಇಟ್ಟರೆ ಅದು ಇನ್ನೊಂದು ಬದುವಿಗೆ ಹೋಗಿ ಮುಟ್ಟಲು ಹೊತ್ತು ಬೇಕಾಗುವಂತೆ, ಪ್ಲಗ್ಗಿನ ಬಳಿ ಹುಟ್ಟಿದ ಉರಿ ಸಿಲಿಂಡರಿನ ಆಚೆ ಗೋಡೆಯವರೆಗೆ ಹಬ್ಬಲು ಸುಮಾರು 2 ಮಿಲಿಸೆಕೆಂಡು ಹಿಡಿಯುತ್ತದೆ. ಇಷ್ಟು ಹೊತ್ತಿನಲ್ಲಿ ಪಿಸ್ಟನ್ ಸುಮ್ಮನೆ ನಿಂತಿರುವುದಿಲ್ಲ. ಉರಿಯ ಒತ್ತಡ ಹೆಚ್ಚಿನ ಮಟ್ಟ ಮುಟ್ಟುವ ಹೊತ್ತಿಗೆ ಪಿಸ್ಟನ್ ತುದಿ ದಾಟಿ, ಅದು ತಿರುಗಿಸುವ ಕ್ರ್ಯಾಂಕ್ ಸುಮಾರು 15 ಡಿಗ್ರಿ ಇಳಿದಿದ್ದರೆ ಆ ಒತ್ತಡದಿಂದ ಹೆಚ್ಚಿನ ಕೆಲಸ ಆಗುತ್ತದೆ. ಪಂಚಮಿಯ ಜೋಕಾಲಿ ತೂಗುವವರಿಗೆ ಇದು ಕೈಯಿಂದಲೇ ಗೊತ್ತು. ಜೋಕಾಲಿ ಇನ್ನೂ ತಮ್ಮ ಕಡೆಗೆ ಬರುತ್ತಿರುವಾಗ ನೂಕಿದರೆ ಅದು ತಡೆದು ನಿಲ್ಲುತ್ತದೆ, ನೂಕಿದವರ ತೋಳಿಗೂ ಪೆಟ್ಟು. ತೀರಾ ದೂರ ಹೋದ ಮೇಲೆ ನೂಕಿದರೆ ಕೈಗೇ ಸಿಗುವುದಿಲ್ಲ. ಹಿಂದಿರುಗಿ ಹೊರಟ ಗಳಿಗೆಯಲ್ಲಿ ನೂಕಿದರೆ ಮಾತ್ರ ಮೇಲೇರುತ್ತದೆ.

ಹಾಗಾಗಿ ಕಿಡಿ ಪಿಸ್ಟನ್ನಿಗಿಂತ ಮುಂಚಿತವಾಗಿ ಹೊರಡಬೇಕು. ಎಷ್ಟು ಮುಂಚೆ ಎಂಬುದನ್ನು ಕ್ರ್ಯಾಂಕಿನ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಎಂಜಿನ್ ನಿಮಿಷಕ್ಕೆ 500 ಸುತ್ತು ತಿರುಗುವಾಗ ಕ್ರ್ಯಾಂಕ್ ಒಂದು ಸೆಕೆಂಡಿನಲ್ಲಿ 3000 ಡಿಗ್ರಿ ದಾಟುತ್ತದೆ. ಆಗ 5 ಡಿಗ್ರಿ ಎಂದರೆ ಸುಮಾರು 1.7 ಮಿಲಿಸೆಕೆಂಡು, ಉರಿ ಹಬ್ಬಲು ಸಾಕಷ್ಟು ಹೊತ್ತು. 3000 ಸುತ್ತಿಗೆ ಏರಿದಾಗ ಅದೇ 5 ಡಿಗ್ರಿ 0.28 ಮಿಲಿಸೆಕೆಂಡಿಗೆ ಇಳಿದುಬಿಡುತ್ತದೆ. ವೇಗ ಹೆಚ್ಚಿದಂತೆ ಸಿಲಿಂಡರಿನೊಳಗಿನ ಗಾಳಿಯ ಸುಳಿಯೂ ಹೆಚ್ಚಿ ಉರಿಯನ್ನು ಬೇಗ ಹಬ್ಬಿಸುತ್ತದೆ ಎಂಬುದು ನಿಜ; ಆದರೂ ಅದೊಂದೇ ಸಾಲದು, ಕಿಡಿಯನ್ನೂ ಮುಂದಕ್ಕೆ ತರಬೇಕು. ಟೈಮಿಂಗ್ ಕೂರಿಸುವಾಗ ಕೈಯಲ್ಲಿ ಇಡುವ ಡಿಗ್ರಿ ಲೆಕ್ಕದ ಆರಂಭ ಮಾತ್ರ. ಅದರ ಮೇಲೆ ವೇಗಕ್ಕೂ ಹೊರೆಗೂ ತಕ್ಕಂತೆ ಉಳಿದ ಡಿಗ್ರಿಗಳನ್ನು ಎಂಜಿನ್ ತಾನೇ ಕೂಡಿಸಿಕೊಳ್ಳುತ್ತದೆ. ಈ ಭೇದ ತಿಳಿಯದೆ ಗುರುತಿಗೆ ಗುರುತು ಕೂಡಿಸಿ ಎದ್ದುಹೋಗುವುದರಿಂದಲೇ ಹಳೆಯ ಲಾರಿಗಳ ಅರ್ಧ ತೊಂದರೆಗಳು ಹಾಗೇ ಉಳಿಯುತ್ತವೆ.

ಮೊದಮೊದಲು ಈ ಕೂಡಿಸುವ ಕೆಲಸವೂ ಚಾಲಕನದೇ ಆಗಿತ್ತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲೂ, 1917ರಲ್ಲಿ ಅದರಿಂದಲೇ ಹುಟ್ಟಿದ ಮಾಡೆಲ್ ಟಿಟಿ ಲಾರಿಯಲ್ಲೂ ಸ್ಟೀರಿಂಗ್ ಚಕ್ರದ ಕೆಳಗೆ ಎರಡು ಪುಟ್ಟ ಹಿಡಿಗಳಿದ್ದವು. ಬಲಗೈಯದು ಆಕ್ಸಿಲರೇಟರ್, ಎಡಗೈಯದು ಕಿಡಿಯ ಹೊತ್ತು. ಎಂಜಿನ್ ಶುರುಮಾಡಲು ಹ್ಯಾಂಡಲ್ ಹೊಡೆಯುವ ಮುನ್ನ ಎಡಹಿಡಿಯನ್ನು ಹಿಂದಕ್ಕೆ ಸರಿಸಿ ಕಿಡಿಯನ್ನು ತಡಮಾಡಬೇಕು, ಓಟ ಹಿಡಿದ ಮೇಲೆ ಮುಂದಕ್ಕೆ ತರಬೇಕು. ಸರಿಸಲು ಮರೆತವರ ಕೈಗೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿ ಅದನ್ನು ಕೆಳಕ್ಕೆ ದಬ್ಬುವುದರ ಫಲ ಅದು. ಟೈಮಿಂಗ್ ತಪ್ಪಿದ ಹಳೆಯ ಲಾರಿಗೆ ಹ್ಯಾಂಡಲ್ ಹೊಡೆಯುವಾಗ ಇಂದಿಗೂ ಇದೇ ಅಪಾಯವಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯಬೇಕು, ಹಿಡಿಯ ಸುತ್ತ ಸುತ್ತಬಾರದು.

ಕೆಲಸದ ಕ್ರಮ ತಿಳಿಯಲು ಒಂದು ಎಂಜಿನ್ನನ್ನು ಎದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. 1937ರಲ್ಲಿ ಬಂದ ಷೆವ್ರೊಲೆ 216 ಅಂಥದ್ದು. ಹೆಸರಿನ 216 ಎಂದರೆ ಘನ ಅಂಗುಲ, ಸುಮಾರು ಮೂರೂವರೆ ಲೀಟರ್. ಸಾಲಾಗಿ ಆರು ಸಿಲಿಂಡರ್. ಎರಡನೇ ಮಹಾಯುದ್ಧದಲ್ಲಿ ಕೆನಡಾದಲ್ಲಿ ತಯಾರಾಗಿ ಭಾರತದ ಸೇನೆಯವರೆಗೂ ಬಂದ ಮಿಲಿಟರಿ ಲಾರಿಗಳಲ್ಲಿ ಈ ಎಂಜಿನ್ ಇತ್ತು. ಯುದ್ಧ ಮುಗಿದ ಮೇಲೆ ಅಂಥ ಲಾರಿಗಳು ವಿಲೇವಾರಿಯಾಗಿ ಊರೂರಿನ ಸಾಗಣೆಗೆ ಇಳಿದವು. ಜನರಲ್ ಮೋಟರ್ಸ್ ಕಂಪನಿ 1928ರಿಂದಲೇ ಮುಂಬಯಿಯಲ್ಲಿ ಷೆವ್ರೊಲೆ ವಾಹನಗಳನ್ನು ಜೋಡಿಸುತ್ತಿದ್ದುದರಿಂದ ಈ ಎಂಜಿನ್ ಇಲ್ಲಿನ ಮೇಸ್ತ್ರಿಗಳಿಗೆ ಹೊಸದೇನೂ ಆಗಿರಲಿಲ್ಲ. 1950ರ ದಶಕದಲ್ಲಿ ಡೀಸೆಲ್ ಎಂಜಿನ್‌ಗಳು ಬಂದು ಪೆಟ್ರೋಲ್ ಲಾರಿಗಳನ್ನು ಬದಿಗೆ ಸರಿಸಿದವು. ಡೀಸೆಲ್ಲಿಗೆ ಕಿಡಿಯಿಲ್ಲ, ಅಲ್ಲಿ ಟೈಮಿಂಗ್ ಎಂದರೆ ಪಂಪು ಎಣ್ಣೆ ಚಿಮ್ಮಿಸುವ ಹೊತ್ತು, ಅದನ್ನು ಕೂರಿಸುವ ಬಗೆಯೇ ಬೇರೆ. ಇಂದು ಉಳಿದಿರುವ 216ಗಳು ಹೆಚ್ಚಾಗಿ ಹಳೆಯ ವಾಹನಗಳನ್ನು ಅಕ್ಕರೆಯಿಂದ ಸಾಕುವವರ ಶೆಡ್ಡುಗಳಲ್ಲಿವೆ.

ಈ ಎಂಜಿನ್ನಿನ ಬಲಮಗ್ಗುಲಲ್ಲಿ ಡಿಸ್ಟ್ರಿಬ್ಯೂಟರ್ ನಿಂತಿದೆ. ಅದರ ನಡುಗಂಬ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಕಂಬದ ಮೇಲೆ ಆರು ಮೂಲೆಯ ಕ್ಯಾಮ್; ಅದಕ್ಕೆ ತಾಗಿಕೊಂಡು ಸಿಬಿ ಪಾಯಿಂಟ್. ಪಾಯಿಂಟ್ ಕೂಡಿರುವಷ್ಟು ಹೊತ್ತು ಇಗ್ನಿಷನ್ ಕಾಯಿಲಿನಲ್ಲಿ ಕರೆಂಟು ಹರಿಯುತ್ತದೆ. ಕ್ಯಾಮಿನ ಮೂಲೆ ಬಂದು ಪಾಯಿಂಟನ್ನು ಬಿಡಿಸಿದ ಗಳಿಗೆಯಲ್ಲಿ ಕರೆಂಟು ಕಡಿದು, ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಎದ್ದು, ರೋಟರಿನ ಮೂಲಕ ಆಯಾ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತದೆ. ಪಾಯಿಂಟ್ ಕೂಡಿದಾಗ ಅಲ್ಲ, ಬಿಟ್ಟಾಗ ಕಿಡಿ: ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಕಿಡಿ ಹಾರುವ ಸರದಿ 1-5-3-6-2-4. ರೇಡಿಯೇಟರಿನ ಕಡೆಯದು ಒಂದನೇ ಸಿಲಿಂಡರ್.

ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಸ್ಪ್ರಿಂಗು ಕಟ್ಟಿದ ಎರಡು ತೂಕದ ಗುಂಡುಗಳಿವೆ. ವೇಗ ಏರಿದಂತೆ ಅವು ಹೊರಕ್ಕೆ ತೂರಿಕೊಂಡು ಕ್ಯಾಮನ್ನು ತುಸು ಮುಂದಕ್ಕೆ ತಿರುಗಿಸುತ್ತವೆ. ಪಾಯಿಂಟ್ ಅಷ್ಟು ಬೇಗ ಬಿಡುತ್ತದೆ. ಮಾಡೆಲ್ ಟಿಯ ಎಡಗೈ ಮಾಡುತ್ತಿದ್ದ ಕೆಲಸ ಇದು. ಪಕ್ಕದಲ್ಲಿ ತಟ್ಟೆಯಾಕಾರದ ವ್ಯಾಕ್ಯೂಮ್ ಡಬ್ಬಿಯೂ ಇದೆ. ಲಾರಿ ಸಮತಟ್ಟಾದ ದಾರಿಯಲ್ಲಿ ಹಗುರವಾಗಿ ಓಡುವಾಗ ಸಿಲಿಂಡರಿಗೆ ಮಿಶ್ರಣ ಕಡಿಮೆ ಹೋಗುತ್ತದೆ, ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಆಗ ಡಬ್ಬಿಯೊಳಗಿನ ಪರದೆ ಎಂಜಿನ್ನಿನ ಹೀರುವಿಕೆಗೆ ಸೆಳೆದುಕೊಂಡು ಇನ್ನಷ್ಟು ಮುಂಗಡ ಕೊಡುತ್ತದೆ. ಘಾಟಿ ಏರಲು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಹೀರುವಿಕೆ ಬಿದ್ದುಹೋಗಿ ಆ ಹೆಚ್ಚುವರಿ ತಾನಾಗಿ ಹಿಂದೆ ಸರಿಯುತ್ತದೆ. ಈ ಷೆವ್ರೊಲೆಯಲ್ಲಿ ಡಬ್ಬಿ ಸೆಳೆಯುವುದು ಡಿಸ್ಟ್ರಿಬ್ಯೂಟರಿನ ಇಡೀ ಮೈಯನ್ನು. ಮೈ ಸಲೀಸಾಗಿ ತಿರುಗದೆ ತುಕ್ಕಿನಿಂದ ಬಿಗಿದುಕೊಂಡಿದ್ದರೆ ಎಂಜಿನ್ ಪೆಟ್ರೋಲನ್ನು ಸುಮ್ಮನೆ ಹೆಚ್ಚು ಕುಡಿಯುತ್ತದೆ. ಯಾಕೆಂದು ಯಾರಿಗೂ ಹೊಳೆಯುವುದಿಲ್ಲ.

ಕೆಲಸ ಶುರುವಾಗಬೇಕಾದ್ದು ಪಾಯಿಂಟಿನಿಂದ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಪಾಯಿಂಟಿನ ಗ್ಯಾಪು ಬದಲಾದರೆ ಅದು ಬಿಡುವ ಗಳಿಗೆಯೂ ಬದಲಾಗುತ್ತದೆ. ಗ್ಯಾಪು ಹೆಚ್ಚಾದರೆ ಪಾಯಿಂಟ್ ಬೇಗ ಬಿಟ್ಟು ಕಿಡಿ ಮುಂದಕ್ಕೆ ಬರುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಟೈಮಿಂಗ್ ಕೂರಿಸಿ ಆಮೇಲೆ ಗ್ಯಾಪು ಸರಿಮಾಡಿದರೆ ಮಾಡಿದ್ದೆಲ್ಲ ಕೆಟ್ಟಂತೆ. ಮುಖ ಸುಟ್ಟು ಗುಳಿಬಿದ್ದ ಪಾಯಿಂಟನ್ನು ಉಜ್ಜಿ ಒಂದೆರಡು ದಿನ ತಳ್ಳಬಹುದು, ಆದರೆ ಗುಳಿಯ ಮೇಲೆ ಫೀಲರ್ ಗೇಜು ಸುಳ್ಳು ಅಳತೆ ತೋರಿಸುತ್ತದೆ. ಹೊಸದನ್ನು ಹಾಕುವುದೇ ಮೇಲು. ಕ್ಯಾಮಿನ ಮೂಲೆ ಸರಿಯಾಗಿ ಪಾಯಿಂಟಿನ ಹಿಮ್ಮಡಿಗೆ ಬಂದು ನಿಲ್ಲುವಂತೆ ಎಂಜಿನ್ ತಿರುಗಿಸಿ, ಹೊಸ ಪಾಯಿಂಟಿಗೆ 0.018 ಅಂಗುಲ, ಎಂದರೆ ಸುಮಾರು 0.45 ಮಿಲಿಮೀಟರ್ ಗ್ಯಾಪು ಇಡಬೇಕು. ಗೇಜಿನ ಎಲೆ ಎಣ್ಣೆಯಿಲ್ಲದೆ ಒಣಗಿರಬೇಕು. ಕ್ಯಾಮಿಗೆ ಮಾತ್ರ ತೆಳ್ಳಗೆ ಗ್ರೀಸು ಸವರಬೇಕು. ಇಲ್ಲದಿದ್ದರೆ ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪು ಕಿರಿದಾಗಿ, ತಿಂಗಳೊಪ್ಪತ್ತಿನಲ್ಲಿ ಟೈಮಿಂಗ್ ತಾನೇ ತಡವಾಗುತ್ತದೆ.

ಹಾಗೆಯೇ ರೋಟರನ್ನು ಕೈಯಲ್ಲಿ ಹಿಡಿದು ಬಲಕ್ಕೆ ತಿರುಚಿ ಬಿಟ್ಟು ನೋಡಬೇಕು. ಸ್ಪ್ರಿಂಗಿನ ಬಲದಿಂದ ಅದು ಚುರುಕಾಗಿ ಹಿಂದಕ್ಕೆ ಬಂದರೆ ತೂಕದ ಗುಂಡುಗಳು ಸರಿಯಿವೆ. ಸೋಮಾರಿಯಾಗಿ ಬಂದರೆ ಒಳಗೆ ತುಕ್ಕೋ ಹಳೆಯ ಜಿಡ್ಡೋ ಇದೆ. ಕಂಬವನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಆಟ ಕಂಡರೆ ಬುಷ್ ಸವೆದಿದೆ. ಅಂಥ ಡಿಸ್ಟ್ರಿಬ್ಯೂಟರಿನಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಟೈಮಿಂಗ್ ಆಗುತ್ತದೆ. ಬುಷ್ ಹಾಕಿಸದೆ ಮುಂದೆ ಹೋಗುವುದು ವ್ಯರ್ಥ.

ಇನ್ನು ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿಗೆ ತರುವುದು. ಪಿಸ್ಟನ್ ತುದಿಗೆ ಎರಡು ಬಾರಿ ಬರುತ್ತದೆ, ಒಮ್ಮೆ ಮಿಶ್ರಣ ಒತ್ತಲು, ಇನ್ನೊಮ್ಮೆ ಹೊಗೆ ತಳ್ಳಲು. ಇವೆರಡನ್ನು ಫ್ಲೈವೀಲಿನ ಗುರುತು ಬೇರೆ ಮಾಡಿ ತೋರಿಸುವುದಿಲ್ಲ. ಒಂದನೇ ಪ್ಲಗ್ಗು ಬಿಚ್ಚಿ, ತೂತಿಗೆ ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಂದ ಹ್ಯಾಂಡಲನ್ನು ನಿಧಾನ ತಿರುಗಿಸಿಕೊಳ್ಳಬೇಕು. ಗಾಳಿ ಬೆರಳನ್ನು ದಬ್ಬಿದರೆ ಅದು ಕಂಪ್ರೆಷನ್. ವಾಲ್ವಿನ ಮುಚ್ಚಳ ತೆಗೆದಿದ್ದರೆ ಆರನೇ ಸಿಲಿಂಡರಿನ ಕಡೆ ನೋಡಬಹುದು: ಅಲ್ಲಿನ ಎರಡು ರಾಕರ್‌ಗಳಲ್ಲಿ ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗುತ್ತಿದ್ದರೆ ಒಂದನೆಯದು ಕಂಪ್ರೆಷನ್ನಿನಲ್ಲಿದೆ.

ಬೆರಳಿಗೆ ಗಾಳಿ ತಾಗಿದ ಕೂಡಲೇ ಕಣ್ಣು ಫ್ಲೈವೀಲಿಗೆ ಹೋಗಬೇಕು. ಎಂಜಿನ್ನಿನ ಬಲಗಡೆ, ಫ್ಲೈವೀಲಿನ ಹೊದಿಕೆಯಲ್ಲಿ ಒಂದು ಕಿಂಡಿ, ಅದರ ಅಂಚಿನಲ್ಲಿ ಮುಳ್ಳು. ಫ್ಲೈವೀಲಿನಲ್ಲಿ ಸಣ್ಣ ಉಕ್ಕಿನ ಗುಂಡೊಂದನ್ನು ಹೂತಿದ್ದಾರೆ. ಗುಂಡು ಮುಳ್ಳಿಗೆ ನೇರ ಬಂದಾಗ ಪಿಸ್ಟನ್ ತುದಿಗೆ ಇನ್ನೂ 5 ಡಿಗ್ರಿ ಬಾಕಿ. 216ರ ಕಿಡಿಯ ಹೊತ್ತು ಅದೇ. ದಶಕಗಳ ಎಣ್ಣೆ ಮಣ್ಣಿನಡಿ ಈ ಗುಂಡು ಕಾಣದೇ ಇರುವುದೇ ಹೆಚ್ಚು. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ಬಿಳಿ ಬಣ್ಣದ ಚುಕ್ಕೆ ಇಟ್ಟರೆ ಮುಂದೆ ಅನುಕೂಲ. ಗುಂಡು ಮುಳ್ಳನ್ನು ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ತರಬಾರದು. ಗೇರುಗಳ ನಡುವಿನ ಸಡಿಲ ಆಗ ಎದುರು ಬದಿಗೆ ಸರಿದು ಒಂದೆರಡು ಡಿಗ್ರಿ ತಪ್ಪುತ್ತದೆ. ಇನ್ನೆರಡು ಸುತ್ತು ಮುಂದಕ್ಕೇ ತಿರುಗಿಸಿ ಬರಬೇಕು. ಈಗ ರೋಟರಿನ ಮೂಗು ಕ್ಯಾಪಿನ ಒಂದನೇ ವೈರಿನ ಕಡೆ ತಿರುಗಿರಬೇಕು. ಆರನೆಯದರ ಕಡೆ ತಿರುಗಿದ್ದರೆ ಕಂಪ್ರೆಷನ್ ನೋಡಿದ್ದು ತಪ್ಪಿದೆ, ಇಲ್ಲವೇ ಹಿಂದೆ ಯಾರೋ ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಿಸಿ ಕೂರಿಸಿದ್ದಾರೆ.

ಪಾಯಿಂಟ್ ಬಿಡುವ ಗಳಿಗೆಯನ್ನು ಕಣ್ಣಿನಿಂದ ಹಿಡಿಯಲಾಗುವುದಿಲ್ಲ. ಅದಕ್ಕೆ ಒಂದು ಬಲ್ಬು ಸಾಕು. ಈ ಲಾರಿಗಳ ಬ್ಯಾಟರಿ 6 ವೋಲ್ಟಿನದು, ಬಲ್ಬೂ ಅಷ್ಟರದ್ದೇ ಇರಲಿ. ಅದರ ಒಂದು ವೈರನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ತಂತಿಯ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೆ ಕೊಟ್ಟು ಸ್ವಿಚ್ಚು ಹಾಕಬೇಕು. ಪಾಯಿಂಟ್ ಕೂಡಿರುವಾಗ ಕರೆಂಟು ಅದರ ಮೂಲಕವೇ ಅರ್ತ್ ಆಗುವುದರಿಂದ ಬಲ್ಬು ಹತ್ತುವುದಿಲ್ಲ. ಬಿಟ್ಟ ತಕ್ಷಣ ಹತ್ತುತ್ತದೆ. ಕ್ಲ್ಯಾಂಪಿನ ಬೋಲ್ಟು ಸಡಿಲಿಸಿ, ಡಿಸ್ಟ್ರಿಬ್ಯೂಟರಿನ ಮೈಯನ್ನು ಬಲಕ್ಕೆ, ಎಂದರೆ ರೋಟರ್ ತಿರುಗುವ ಕಡೆಗೇ, ಬಲ್ಬು ಆರುವವರೆಗೆ ತಿರುಗಿಸಬೇಕು. ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಡಕ್ಕೆ ತರುತ್ತ, ಬಲ್ಬು ಹತ್ತಿದಲ್ಲಿ ಕೈ ನಿಲ್ಲಿಸಿ ಬೋಲ್ಟು ಬಿಗಿಯಬೇಕು. ಎಡಕ್ಕೆ ಹೋದಷ್ಟು ಕಿಡಿ ಮುಂಚೆ, ಬಲಕ್ಕೆ ಹೋದಷ್ಟು ತಡ. ಡಿಸ್ಟ್ರಿಬ್ಯೂಟರಿನ 1 ಡಿಗ್ರಿ ಕ್ರ್ಯಾಂಕಿನಲ್ಲಿ 2 ಡಿಗ್ರಿ ಆಗುತ್ತದೆ ಎಂಬುದನ್ನು ನೆನೆದರೆ ಕೈ ತಾನಾಗಿ ಮೆಲ್ಲಗಾಗುತ್ತದೆ. ಬಿಗಿದ ಮೇಲೆ ಎರಡು ಸುತ್ತು ತಿರುಗಿಸಿ, ಗುಂಡು ಮುಳ್ಳಿಗೆ ಬರುವಾಗಲೇ ಬಲ್ಬು ಹತ್ತುತ್ತದೆಯೇ ಎಂದು ಇನ್ನೊಮ್ಮೆ ನೋಡದೆ ಬಿಡಬಾರದು. ಬೋಲ್ಟು ಬಿಗಿಯುವಾಗಲೇ ಮೈ ಸರಿದಿರುವುದುಂಟು.

ಟೈಮಿಂಗ್ ಲೈಟು ಇದ್ದರೆ ಓಡುವ ಎಂಜಿನ್ನಿನಲ್ಲೇ ಪರೀಕ್ಷೆ ಸಾಧ್ಯ. ಒಂದನೇ ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಈ ಲೈಟು ಮಿಂಚುತ್ತದೆ. ಪ್ರತಿ ಮಿಂಚಿನಲ್ಲೂ ಗುಂಡು ಅದೇ ಜಾಗದಲ್ಲಿರುವುದರಿಂದ ತಿರುಗುವ ಫ್ಲೈವೀಲ್ ನಿಂತಂತೆ ಕಾಣುತ್ತದೆ. ವ್ಯಾಕ್ಯೂಮ್ ಕೊಳವೆ ಬಿಡಿಸಿ ಅದರ ಬಾಯಿ ಮುಚ್ಚಿ, ಎಂಜಿನ್ನನ್ನು ಬಿಸಿ ಮಾಡಿ, 500 ಸುತ್ತಿನ ಆಸುಪಾಸಿನ ನಿಧಾನ ಓಟದಲ್ಲಿ ನೋಡಬೇಕು. ಓಟ ಹೆಚ್ಚಿದ್ದರೆ ತೂಕದ ಗುಂಡುಗಳು ಆಗಲೇ ತಮ್ಮ ಪಾಲು ಕೂಡಿಸಿ ಲೆಕ್ಕ ಕೆಡಿಸುತ್ತವೆ. ಬಲ್ಬಿಗಿಂತ ಲೈಟಿನ ಹೆಚ್ಚುಗಾರಿಕೆ ಇರುವುದು ನಂತರದ ಪರೀಕ್ಷೆಯಲ್ಲಿ. ಆಕ್ಸಿಲರೇಟರನ್ನು ಮೆಲ್ಲನೆ ಏರಿಸಿದಂತೆ ಗುಂಡು ಮುಳ್ಳಿನಿಂದ ಒಂದೇ ಸಮನೆ ದೂರ ಸರಿಯಬೇಕು, ಇಳಿಸಿದಾಗ ಮರಳಬೇಕು. ಅದು ಕದಲದಿದ್ದರೆ ತೂಕದ ಗುಂಡುಗಳು ಹಿಡಿದುಕೊಂಡಿವೆ. ನಿಂತಲ್ಲೇ ನಡುಗಿದರೆ ಬುಷ್ ಸವೆದಿದೆ. ಲೈಟು ಹಿಡಿದು ಬಗ್ಗಿದವರು ಫ್ಯಾನಿನ ಹತ್ತಿರ ಅಂಗಿಯ ತೋಳು, ಟವೆಲ್ ಜೋತುಬೀಳದಂತೆ ಎಚ್ಚರ ವಹಿಸಬೇಕು.

ಇಷ್ಟಾದ ಮೇಲೆ ರಸ್ತೆಯ ಪರೀಕ್ಷೆ. ಎಂಜಿನ್ನಿನ ಸವೆತ, ಇಂಗಾಲದ ಕರೆ, ಪೆಟ್ರೋಲಿನ ಗುಣ ಇವು ಯಾವುದನ್ನೂ ಅರಿಯದ ಫ್ಲೈವೀಲಿನ ಗುಂಡು ಕಾರ್ಖಾನೆಯ ದಿನದ ಲೆಕ್ಕವನ್ನು ಹೇಳುತ್ತದೆ. ಷೆವ್ರೊಲೆ ಎಂಜಿನಿಯರುಗಳಿಗೂ ಇದು ಗೊತ್ತಿತ್ತು. ಅದಕ್ಕೇ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಆಕ್ಟೇನ್ ಸೆಲೆಕ್ಟರ್ ಎಂಬ ಗೆರೆಹಾಕಿದ ಪಟ್ಟಿ ಇಟ್ಟರು. ಬಲ್ಬು ಹಚ್ಚಿ ಟೈಮಿಂಗ್ ಕೂರಿಸುವಾಗ ಅದು ಸೊನ್ನೆಯಲ್ಲಿರಬೇಕು. ಮುಂದಿನ ಸಣ್ಣ ತಿದ್ದುಪಡಿ ಅದರಲ್ಲೇ. ಎಂಜಿನ್ ಬಿಸಿಯಾದ ಮೇಲೆ, ಟಾಪ್ ಗೇರಿನಲ್ಲಿ ನಿಧಾನ ಹೋಗುತ್ತಿದ್ದು ಒಮ್ಮೆಗೇ ಆಕ್ಸಿಲರೇಟರ್ ಪೂರ್ತಿ ತುಳಿಯಬೇಕು. ಆಗ ಖಾಲಿ ಡಬ್ಬಿಯಲ್ಲಿ ಬೋಲ್ಟು ಅಲುಗಿಸಿದಂಥ ಸಣ್ಣ ಸದ್ದು ಕ್ಷಣಕಾಲ ಕೇಳಿ, ವೇಗ ಹಿಡಿಯುತ್ತಲೇ ಅಡಗಿದರೆ ಟೈಮಿಂಗ್ ಸರಿ. ಆ ಸದ್ದೇ ನಾಕಿಂಗ್. ಒಳಗೆ ಕೊನೆಯಲ್ಲಿ ಉಳಿದ ಮಿಶ್ರಣ, ಉರಿ ಬಂದು ಮುಟ್ಟುವ ಮುನ್ನವೇ ಶಾಖ ಒತ್ತಡಗಳಿಂದ ತಾನಾಗಿ ಸಿಡಿಯುವ ಸದ್ದು. ಅದು ಬಿಡದೆ ಕೇಳುತ್ತಿದ್ದರೆ ಕಿಡಿ ತೀರ ಮುಂಚೆ ಹಾರುತ್ತಿದೆ, ಪಟ್ಟಿಯನ್ನು ಒಂದೆರಡು ಗೆರೆ ತಡದ ಕಡೆಗೆ ಸರಿಸಬೇಕು. ಸದ್ದೇ ಇಲ್ಲದೆ ಪಿಕಪ್ಪೂ ಮಂಕಾಗಿದ್ದರೆ ಒಂದು ಗೆರೆ ಮುಂದಕ್ಕೆ. ಒಂದೊಂದೇ ಗೆರೆ ಸರಿಸಿ, ಅದೇ ರಸ್ತೆಯಲ್ಲಿ, ಅದೇ ಹೊರೆಯಲ್ಲಿ ಮತ್ತೆ ನೋಡುವ ತಾಳ್ಮೆ ಬೇಕು. ನಾಕಿಂಗನ್ನು ಕೇಳಿಯೂ ಕೇಳದಂತೆ ಓಡಿಸಿದ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಹಾರುತ್ತದೆ, ಕೊನೆಗೆ ಪಿಸ್ಟನ್ನಿನ ನೆತ್ತಿಯಲ್ಲೇ ತೂತು ಬೀಳುತ್ತದೆ.

ತಡವಾದ ಕಿಡಿಯ ಕೇಡು ಸದ್ದು ಮಾಡುವುದಿಲ್ಲ, ಆದ್ದರಿಂದ ಅದು ಹೆಚ್ಚು ದಿನ ನಡೆಯುತ್ತದೆ. ಪಿಸ್ಟನ್ ಕೆಳಗಿಳಿದು ಹೋಗುತ್ತಿದ್ದರೂ ಉರಿ ಮುಗಿದಿರುವುದಿಲ್ಲ. ಚಕ್ರಕ್ಕೆ ಸೇರಬೇಕಾದ ಶಾಖ ಸಿಲಿಂಡರಿನ ಗೋಡೆಗೆ, ಎಕ್ಸಾಸ್ಟ್ ವಾಲ್ವಿಗೆ, ಮ್ಯಾನಿಫೋಲ್ಡಿಗೆ ಹೋಗುತ್ತದೆ. ಆಗುಂಬೆಯಂಥ ಘಾಟಿಯಲ್ಲಿ ಒಂದೆರಡು ತಿರುವು ಏರುವಷ್ಟರಲ್ಲಿ ರೇಡಿಯೇಟರ್ ಕುದಿಯತೊಡಗಿದರೆ ನೀರು ಹೊಯ್ಯುವುದು, ರೇಡಿಯೇಟರ್ ತೊಳೆಸುವುದು ವಾಡಿಕೆ. ಅದಕ್ಕೆ ಮುನ್ನ ಪಾಯಿಂಟಿನ ಗ್ಯಾಪನ್ನೊಮ್ಮೆ ಅಳೆದು ನೋಡಿದರೆ ಎಷ್ಟೋ ಬಾರಿ ಕಾರಣ ಅಲ್ಲೇ ಸಿಗುತ್ತದೆ.

ಪೆಟ್ರೋಲ್ ಬದಲಾದರೂ ಟೈಮಿಂಗ್ ಬದಲಾಗಬೇಕು. 216ರ ಕಂಪ್ರೆಷನ್ 6.5ಕ್ಕೆ 1, ಅದನ್ನು ರೂಪಿಸಿದ್ದು ಅಂದಿನ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ. ಇಂದು ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆಯೇ 91 ಅಥವಾ ಹೆಚ್ಚು. ಅದು ಅಷ್ಟು ಸುಲಭವಾಗಿ ನಾಕ್ ಆಗದ ಕಾರಣ ಗುಂಡಿನ ಗುರುತಿಗಿಂತ ತುಸು ಮುಂದೆ ಇಟ್ಟರೂ ಎಂಜಿನ್ ಸಹಿಸುತ್ತದೆ. ಹಾಗೆಂದು ಸದ್ದು ಬರುವವರೆಗೂ ಮುಂದಕ್ಕೆ ಒಯ್ಯುವುದು ಸರಿಯಲ್ಲ. ಪಿಕಪ್ ಹೆಚ್ಚುವುದು ನಿಂತ ಜಾಗದಲ್ಲೇ ನಿಲ್ಲಿಸಬೇಕು; ಅದರಾಚೆಗಿನ ಪ್ರತಿ ಡಿಗ್ರಿಯೂ ಬೇರಿಂಗಿಗೆ ಹೊಡೆತ.

ಇಂಧನಕ್ಕೂ ಕಿಡಿಗೂ ಇರುವ ನಂಟು ಎದ್ದು ಕಂಡದ್ದು ಯುದ್ಧಕಾಲದ ಇದ್ದಿಲು ಬಸ್ಸುಗಳಲ್ಲಿ. ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸೀಮೆಯೂ ಸೇರಿ ದೇಶದ ಹಲವೆಡೆ ಬಸ್ಸು ಲಾರಿಗಳ ಹಿಂಬದಿಗೆ ಒಲೆ ಕೂರಿಸಿ, ಇದ್ದಿಲಿನಿಂದ ಬಂದ ಅನಿಲದಲ್ಲಿ ಓಡಿಸಿದರು. ಈ ಅನಿಲ ಪೆಟ್ರೋಲಿಗಿಂತ ನಿಧಾನ ಉರಿಯುತ್ತದೆ. ಎಂಜಿನ್ನಿನ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿಯುತ್ತಿತ್ತು; ಮಿಕ್ಕಷ್ಟಾದರೂ ಉಳಿಯಬೇಕಾದರೆ ಕಿಡಿಯನ್ನು ಪೆಟ್ರೋಲಿನ ಗುರುತಿಗಿಂತ ಬಹಳ ಮುಂದಕ್ಕೆ ತರಲೇಬೇಕಿತ್ತು. ಮತ್ತೆ ಪೆಟ್ರೋಲಿಗೆ ಮರಳಿದ ದಿನ ಅದನ್ನು ಹಿಂದಕ್ಕೆ ಇಡದಿದ್ದರೆ ಹ್ಯಾಂಡಲ್ ಒದೆಯುತ್ತಿತ್ತು, ಎಂಜಿನ್ ನಾಕ್ ಆಗುತ್ತಿತ್ತು.

ಹೊಸ ಪಾಯಿಂಟ್ ಹಾಕಿ ಟೈಮಿಂಗ್ ಕೂರಿಸಿದ ಲಾರಿಯನ್ನು ಐನೂರು ಕಿಲೋಮೀಟರ್ ಓಡಿಸಿದ ಬಳಿಕ ಇನ್ನೊಮ್ಮೆ ಕ್ಯಾಪು ಬಿಚ್ಚಬೇಕು. ಹಿಮ್ಮಡಿಯ ಹೊಸ ತುದಿ ಕ್ಯಾಮಿಗೆ ಹೊಂದಿಕೊಳ್ಳುತ್ತ ಮೊದಲಲ್ಲಿ ಬೇಗ ಸವೆಯುವುದರಿಂದ ಗ್ಯಾಪು ಕೊಂಚ ಕಿರಿದಾಗಿರುತ್ತದೆ. ಅದನ್ನು ಮತ್ತೆ ಅಳತೆಗೆ ತಂದು, ಬಲ್ಬು ಹಚ್ಚಿ, ಗುಂಡು ಮುಳ್ಳಿಗೆ ಬಂದಾಗ ಹತ್ತುವುದನ್ನು ಕಂಡು, ಕ್ಲ್ಯಾಂಪಿನ ಬೋಲ್ಟಿಗೆ ಕೊನೆಯ ಬಿಗಿತ ಕೊಟ್ಟರೆ ಕೆಲಸ ಮುಗಿಯಿತು.